ಮಂಡಕಳ್ಳಿಯ ಪುಟ



ಕಳೆದ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನಿಂದ ಬಂದಿದ್ದ ನನ್ನ ತಂಗಿಯ ಮಗಳು ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಯ ಜಗಲಿಯಲ್ಲಿ ಕೂತು, ಕಾಫಿ ಲೋಟವನ್ನು ಪಕ್ಕಕ್ಕಿಟ್ಟು, ಚೀಲದಿಂದ ಸುರುಳಿತಂತಿಯ ಒಂದು ದಪ್ಪ ಪುಸ್ತಕ ತೆಗೆದಳು. ಅವಳು ಅಲ್ಲಿ ಒಂದು ಶಾಲೆಯಲ್ಲಿ ಪಾಠ ಹೇಳುತ್ತಾಳೆ. ರಜೆ ಸಿಕ್ಕಾಗ ಬಾಡಿಗೆಗೆ ಎರಡು ಸೀಟಿನ ವಿಮಾನ ಹಿಡಿದು, ತಾನೇ ಹಾರಿಸಿಕೊಂಡು ಊರೂರು ಸುತ್ತುತ್ತಾಳೆ. "ಮಾಮ, ನಮ್ಮ ಮಂಡಕಳ್ಳಿ ಏರ್‌ಪೋರ್ಟಿಗೆ ಹೊರಗಡೆಯಿಂದ ಒಬ್ಬರು ಸಣ್ಣ ವಿಮಾನದಲ್ಲಿ ಬರ್ತಾರೆ ಅಂತಿಟ್ಕೊಳ್ಳಿ. ಹೊರಡೋಕ್ಕೆ ಮುಂಚೆ ಅವರು ಯಾವ ಪುಸ್ತಕ ನೋಡ್ಬೇಕು?" ಎಂದು ಕೇಳಿದಳು.

ನಾನು ಎಂಬತ್ತರ ದಶಕದಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿ ಹಾರಾಟ ಕಲಿತವನು. 1949ರಲ್ಲಿ ಶುರುವಾದ ಸರ್ಕಾರಿ ಹಾರಾಟ ತರಬೇತಿ ಶಾಲೆ ಅದು. ಎಚ್‌ಎಎಲ್ ತಯಾರಿಸಿದ ಪುಷ್ಪಕ್ ವಿಮಾನದಲ್ಲಿ ಗುರುಶಿಷ್ಯರು ಭುಜಕ್ಕೆ ಭುಜ ತಾಗಿಸಿ ಕೂರಬೇಕಿತ್ತು. ನನ್ನ ಲೈಸೆನ್ಸಿನ ಅವಧಿ ಮುಗಿದು ಎಷ್ಟೋ ಕಾಲವಾಯಿತು. ಆದರೂ ಆಕಾಶದಲ್ಲಿ ಸಣ್ಣ ಎಂಜಿನ್ನಿನ ಸದ್ದು ಕೇಳಿದರೆ ಇವತ್ತಿಗೂ ಅಂಗಳಕ್ಕೆ ಹೋಗಿ ನಿಲ್ಲುತ್ತೇನೆ. ಅಂಥವನಿಗೂ ಅವಳ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡಲಾಗಲಿಲ್ಲ. ಇರುವ ಕೈಪಿಡಿಗಳನ್ನೆಲ್ಲ ಮುಂದೆ ಹರಡಿಕೊಂಡು ನಾವಿಬ್ಬರೂ ಎರಡು ದಿನ ಕೂತೆವು. ಆ ಎರಡು ದಿನಗಳಲ್ಲಿ ಕಂಡದ್ದನ್ನು ತಮಗೆ ಹೇಳಬೇಕೆಂದು ಬಂದಿದ್ದೇನೆ.

ಕಾರಿನಲ್ಲಿ ಹೋಗುವವರಿಗೆ ದಾರಿ ತಪ್ಪಿದರೆ ಟೀ ಅಂಗಡಿಯ ಮುಂದೆ ನಿಲ್ಲಿಸಿ ಕೇಳುವ ಅವಕಾಶವಿದೆ. ಮೇಲೆ ಹಾರುವವರಿಗೆ ನಿಲ್ಲುವ ಅವಕಾಶವೇ ಇಲ್ಲ. ಇಳಿಯುವ ಜಾಗ ಎಷ್ಟು ಉದ್ದ, ಯಾವ ದಿಕ್ಕಿಗೆ ಮುಖ ಮಾಡಿದೆ, ಹತ್ತಿರದಲ್ಲಿ ಬೆಟ್ಟವಿದೆಯೇ, ತಂತಿಯಿದೆಯೇ, ಎಣ್ಣೆ ಸಿಗುತ್ತದೆಯೇ, ಇವೆಲ್ಲ ನೆಲ ಬಿಡುವ ಮುಂಚೆಯೇ ಗೊತ್ತಿರಬೇಕು. ಹಿಂದೆ ಅಲ್ಲಿ ಇಳಿದುಬಂದ ಒಬ್ಬರು ಬರೆದಿಟ್ಟರೆ ಮಾತ್ರ ಅದು ಗೊತ್ತಾಗುತ್ತದೆ. ಇಂಥ ಪುಸ್ತಕಗಳು ಹುಟ್ಟಿದ್ದೂ ಹಾಗೆಯೇ. ಅಮೆರಿಕದಲ್ಲಿ ಎಲ್ರೆ ಜೆಪ್ಪೆಸನ್ ಎಂಬ ಅಂಚೆ ವಿಮಾನದ ಪೈಲಟ್ ಇದ್ದ. 1930ರ ಸುಮಾರಿಗೆ ರಾಕಿ ಪರ್ವತಗಳ ಕಡೆ ಅಂಚೆ ಒಯ್ಯುತ್ತಿದ್ದ ಅವನ ಜೊತೆಗಾರರು ಒಬ್ಬೊಬ್ಬರಾಗಿ ಅಪಘಾತಗಳಲ್ಲಿ ತೀರಿಕೊಳ್ಳುತ್ತಿದ್ದರು. ಅವನು ಹತ್ತು ಸೆಂಟ್ ಕೊಟ್ಟು ಒಂದು ಕಪ್ಪು ಟಿಪ್ಪಣಿ ಪುಸ್ತಕ ಕೊಂಡ. ಬಿಡುವಾದಾಗ ಎತ್ತರ ಅಳೆಯುವ ಉಪಕರಣ ಹಿಡಿದು ಗುಡ್ಡಗಳನ್ನು ಹತ್ತಿದ. ಹೊಗೆಕೊಳವೆ, ನೀರಿನ ಟ್ಯಾಂಕುಗಳ ಎತ್ತರ ಗುರುತು ಹಾಕಿಕೊಂಡ. ಮೋಡ ಎಷ್ಟು ಕೆಳಗಿದೆ ಎಂದು ಕೇಳಿ ತಿಳಿಯಲು ದಾರಿಯುದ್ದದ ರೈತರ ಟೆಲಿಫೋನ್ ನಂಬರುಗಳನ್ನೂ ಬರೆದುಕೊಂಡ. ಉಳಿದ ಪೈಲಟ್‌ಗಳು ನಮಗೂ ಒಂದು ಪ್ರತಿ ಕೊಡು ಎಂದು ದುಂಬಾಲು ಬಿದ್ದಾಗ ಹತ್ತು ಡಾಲರಿಗೆ ಮಾರತೊಡಗಿದ. 1934ರ ಮಾತು ಅದು. ಈಗ ಜಗತ್ತಿನ ದೊಡ್ಡ ವಿಮಾನಗಳ ಕಾಕ್‌ಪಿಟ್‌ಗಳಲ್ಲಿ ಜೆಪ್ಪೆಸನ್ ಹೆಸರಿನ ನಕ್ಷೆಗಳಿರುತ್ತವೆ. ಅದರ ಮೂಲದಲ್ಲಿ ಆ ರೈತರ ಫೋನ್ ನಂಬರಿದೆ ಎಂಬುದು ನನ್ನ ಮನಸ್ಸಿನಿಂದ ಹೋಗಿಲ್ಲ.

ಅದೇ ಕಾಲಕ್ಕೆ ನಮ್ಮ ಕಡೆಯೂ ಒಂದು ಹಾರಾಟ ನಡೆಯಿತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮೂಲಕ ಮುಂಬಯಿಗೆ ಅಂಚೆ ತಂದರಲ್ಲ, ಅದು ಎಲ್ಲರಿಗೂ ಗೊತ್ತು. ಮುಂಬಯಿಯಿಂದ ಆ ಅಂಚೆಯನ್ನು ಮದರಾಸಿಗೆ ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ನಡುವೆ ಅವರು ಇಳಿದು ರಾತ್ರಿ ತಂಗಿದ್ದು ನಮ್ಮ ಬಳ್ಳಾರಿಯಲ್ಲಿ. ಒಂದೇ ಎಂಜಿನ್ನಿನ ಪುಟ್ಟ ಪುಸ್ ಮಾತ್ ವಿಮಾನ. ದಾರಿ ಹೇಳುವ ರೇಡಿಯೋ ಇಲ್ಲ. ಮುಂಬಯಿಯ ಜುಹೂ ಮೈದಾನ ಮಳೆಗಾಲದಲ್ಲಿ ನೀರು ನಿಂತು ಕೆಸರಾಗುತ್ತಿದ್ದುದರಿಂದ ಆ ತಿಂಗಳುಗಳಲ್ಲಿ ಟಾಟಾ ಸೇವೆ ಪುಣೆಗೆ ಸ್ಥಳಾಂತರವಾಗುತ್ತಿತ್ತು. 'ಜುಹೂ: ಮಳೆಗಾಲದಲ್ಲಿ ಇಳಿಯಬೇಡಿ' ಎಂಬ ಒಂದು ಸಾಲು ಎಷ್ಟು ಬೆಲೆಯುಳ್ಳದ್ದು, ಯೋಚಿಸಿ.

ಈಗ ಮಂಡಕಳ್ಳಿಗೆ ಬರೋಣ. ಮಹಾರಾಜರ ಕಾಲದಲ್ಲಿ, 1940ರ ದಶಕದಲ್ಲಿ ಆದ ನಿಲ್ದಾಣ. ಬಹುಕಾಲ ಸುಮ್ಮನಿದ್ದು, 2010ರಲ್ಲಿ ಹೊಸ ಟರ್ಮಿನಲ್‌ನೊಂದಿಗೆ ಮತ್ತೆ ತೆರೆಯಿತು. ಇದರ ಬಗ್ಗೆ ಅಧಿಕೃತ ಮಾತು ಎಲ್ಲಿದೆ ಎಂದರೆ ಏರ್‌ಪೋರ್ಟ್ಸ್ ಅಥಾರಿಟಿ ಪ್ರಕಟಿಸುವ ಎ.ಐ.ಪಿ.ಯಲ್ಲಿ. ಪ್ರತಿ ದೇಶವೂ ಒಂದೇ ಅಂತರರಾಷ್ಟ್ರೀಯ ಮಾದರಿಯಲ್ಲಿ ಹೊರತರಬೇಕಾದ ಗ್ರಂಥ ಇದು. ಮೂರು ಭಾಗ: ಸಾಮಾನ್ಯ ನಿಯಮಗಳು, ಮಾರ್ಗಗಳು, ನಿಲ್ದಾಣಗಳು. ಒಂದೊಂದು ನಿಲ್ದಾಣಕ್ಕೂ ಇಪ್ಪತ್ತಕ್ಕೂ ಹೆಚ್ಚು ತಲೆಬರಹ. ಮುಖ್ಯ ಬದಲಾವಣೆಗಳು 28 ದಿನಗಳ ಚಕ್ರದಲ್ಲಿ ಸೇರುತ್ತವೆ. ನಡುವೆ ಏನಾದರೂ ಆದರೆ ನೋಟಾಮ್ ಎಂಬ ತುರ್ತು ಸೂಚನೆ ಹೊರಡುತ್ತದೆ. ಅಂತರ್ಜಾಲದಲ್ಲಿ ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದು.

ಮೈಸೂರಿನ ಸಂಕೇತ ವಿ-ಓ-ಎಂ-ವೈ. ವಿ ಎಂದರೆ ದಕ್ಷಿಣ ಏಷ್ಯಾದ ಕಡೆ, ಓ ಎಂದರೆ ಚೆನ್ನೈ ವಲಯ, ಉಳಿದೆರಡು ಮೈಸೂರಿಗೆ. ರನ್‌ವೇಯ ಹೆಸರು 09–27. ಸಂಖ್ಯೆಯ ಮುಂದೆ ಒಂದು ಸೊನ್ನೆ ಹಾಕಿ ಓದಿದರೆ ದಿಕ್ಕು ಸಿಗುತ್ತದೆ: 90 ಡಿಗ್ರಿ ಮೂಡಲು, 270 ಡಿಗ್ರಿ ಪಡುವಲು. ಉದ್ದ 1,740 ಮೀಟರ್. ಸಮುದ್ರಮಟ್ಟದಿಂದ ಎತ್ತರ 2,300 ಅಡಿಗೂ ಮೇಲೆ. ಮಾಹಿತಿ ಖಚಿತ, ಯಾರೋ ಅಳತೆ ಮಾಡಿ, ಇನ್ನೊಬ್ಬರು ಸರಿನೋಡಿ, ಮತ್ತೊಬ್ಬರು ಸಹಿ ಹಾಕಿದ್ದು. ಈ ಗ್ರಂಥದ ಮೇಲೆ ನನಗೆ ಪೂರ್ಣ ಗೌರವವಿದೆ. ಹಾರುವ ಯಾರೂ ಇದನ್ನು ಬಿಟ್ಟು ಬೇರೆಯದನ್ನು ನಂಬಿ ಹೊರಡಬಾರದು.

ಆದರೂ ಓದಲು ಕಲಿತಿರಬೇಕು. ಕೆಲಸದ ವೇಳೆಯನ್ನು ಅಲ್ಲಿ ಗ್ರೀನ್‌ವಿಚ್ ಕಾಲದಲ್ಲಿ ಕೊಟ್ಟಿರುತ್ತಾರೆ. ನಾವು ಐದೂವರೆ ಗಂಟೆ ಕೂಡಿಸಿಕೊಳ್ಳಬೇಕು. ಅಲ್ಲಿ 0330 ಎಂದಿದ್ದರೆ ನಮ್ಮ ಬೆಳಗಿನ ಒಂಬತ್ತು. ಕೂಡಿಸಲು ಮರೆತವರು ಟವರಿನಲ್ಲಿ ಯಾರೂ ಇಲ್ಲದ ಹೊತ್ತಿಗೆ ಊರಿನ ಮೇಲೆ ಬಂದಿರುತ್ತಾರೆ.

ಎತ್ತರದ ವಿಷಯವೂ ಅಷ್ಟೆ. ಪುಸ್ತಕ 2,300 ಚಿಲ್ಲರೆ ಎನ್ನುತ್ತದೆ. ಆದರೆ ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಬಿಸಿಲಿರುವಾಗ ಗಾಳಿ ತೆಳುವಾಗುತ್ತದೆ. ವಾಡಿಕೆಯ ಲೆಕ್ಕದಂತೆ, ಆ ಎತ್ತರಕ್ಕೆ ಇರಬೇಕಾದ ತಾಪಮಾನಕ್ಕಿಂತ ಹೆಚ್ಚಾದ ಒಂದೊಂದು ಡಿಗ್ರಿಗೂ ಸುಮಾರು 120 ಅಡಿ ಸೇರಿಸಿ. ಎಂಜಿನ್ನಿಗೂ ರೆಕ್ಕೆಗೂ ಆ ಹೊತ್ತು ಮಂಡಕಳ್ಳಿ ಐದು ಸಾವಿರ ಅಡಿಗೂ ಮೇಲಿನ ಬೆಟ್ಟದೂರು. ಬೆಳಗಿನ ಚಳಿಯಲ್ಲಿ ಬೇಗ ನೆಲಬಿಟ್ಟ ವಿಮಾನ ಆಗ ರನ್‌ವೇಯಲ್ಲಿ ಓಡುತ್ತಲೇ ಇರುತ್ತದೆ. ರನ್‌ವೇಯನ್ನು ಬೇಕೆಂದಾಗ ಬೆಳೆಸಲೂ ಆಗುವುದಿಲ್ಲ. ಉದ್ದ ಮಾಡುವ ಯೋಜನೆಗೆ ನಂಜನಗೂಡು ಹೆದ್ದಾರಿಯೂ ರೈಲು ಹಳಿಯೂ ಅಡ್ಡವಿವೆ. ದೊಡ್ಡ ವಿಮಾನಗಳವರಿಗೆ ಇದು ಕೊರತೆ. ಎರಡು ಸೀಟಿನ ವಿಮಾನಕ್ಕೆ 1,740 ಮೀಟರ್ ಧಾರಾಳ ಜಾಗ.

ಇನ್ನು ಚಾಮುಂಡಿ ಬೆಟ್ಟ. ಅಧಿಕೃತ ಪುಟದಲ್ಲಿ ಅಡೆತಡೆಗಳ ಪಟ್ಟಿ ಎಂದು ಒಂದು ಕೋಷ್ಟಕವಿರುತ್ತದೆ: ಅಕ್ಷಾಂಶ, ರೇಖಾಂಶ, ಎತ್ತರ. ಬೆಟ್ಟದ ನೆತ್ತಿ ಸುಮಾರು 3,500 ಅಡಿ. ನಿಲ್ದಾಣದಿಂದ ಬಡಗಣಕ್ಕೆ, ತುಸು ಮೂಡಲಿಗೆ ವಾಲಿ, ಐದು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಸಣ್ಣ ವಿಮಾನಗಳು ಇಳಿಯುವ ಮುಂಚೆ ರನ್‌ವೇಯ ಸುತ್ತ ಪ್ರದಕ್ಷಿಣೆ ಹಾಕುವುದು ಸಾಮಾನ್ಯವಾಗಿ ನೆಲದಿಂದ ಸಾವಿರ ಅಡಿ ಎತ್ತರದಲ್ಲಿ, ಎಡಗಡೆಗೆ ತಿರುಗುತ್ತಾ. ಈ ಮೂರು ಸಂಗತಿಗಳನ್ನು ಕೂಡಿಸಿ ನೋಡಿ. ಪಡುವಲ ಕಡೆಗೆ ಏರಿದವರು ಎಡಕ್ಕೆ ತಿರುಗಿದರೆ ನಂಜನಗೂಡಿನ ಬಯಲು. ಮೂಡಲ ಕಡೆಗೆ ಏರಿದವರು ಎಡಕ್ಕೆ ತಿರುಗಿದರೆ ಮುಖ ಬೆಟ್ಟದ ಕಡೆಗೆ, ಅದೂ ಬೆಟ್ಟದ ನೆತ್ತಿಯ ಮಟ್ಟದಲ್ಲೇ. ಪ್ರದಕ್ಷಿಣೆ ಚಿಕ್ಕದಾಗಿದ್ದರೆ ತೊಂದರೆಯಿಲ್ಲ. ಮಂಜು ಮುಸುಕಿದ ಬೆಳಿಗ್ಗೆ ಹೊಸಬರು ದೊಡ್ಡ ಸುತ್ತು ಹಾಕಿದರೆ? ಆಷಾಢದಲ್ಲಿ ಗಾಳಿ ಪಡುವಣದಿಂದ ಬೀಸುವುದರಿಂದ ಆ ಪ್ರಶ್ನೆ ಏಳುವುದು ಕಡಿಮೆ. ಮಾಗಿಯಲ್ಲಿ ಗಾಳಿ ಮೂಡಲಿಗೆ ತಿರುಗಿದಾಗ, ಮಂಜೂ ಇರುವಾಗಲೇ, ಅದು ಏಳುತ್ತದೆ. ಕೋಷ್ಟಕದಲ್ಲಿ ಎಲ್ಲ ಅಂಕಿಗಳೂ ಇವೆ. ಕೂಡಿಸಿ ಹೇಳುವವರು ಬೇಕು.

ಹಾಗೆ ಕೂಡಿಸಿ ಹೇಳುವ ಪುಸ್ತಕವೇ ನನ್ನ ಸೋದರಸೊಸೆ ಚೀಲದಿಂದ ತೆಗೆದದ್ದು. ಪೂಲೀಸ್ ಫ್ಲೈಟ್ ಗೈಡ್ ಎಂದು ಅದರ ಹೆಸರು. ರಾಬರ್ಟ್ ಪೂಲಿ 1962ರಲ್ಲಿ ಆರಂಭಿಸಿದ್ದು. ತೊಡೆಯ ಮೇಲೆ ಇಟ್ಟುಕೊಂಡು ಓದುವ ಅಳತೆ. ಒಂದೊಂದು ನಿಲ್ದಾಣಕ್ಕೂ ಕೈಯಲ್ಲಿ ಬರೆದಂಥ ಸ್ಪಷ್ಟ ನಕ್ಷೆ: ಗಾಳಿಚೀಲ ಎಲ್ಲಿ, ಹುಲ್ಲಿನ ಪಟ್ಟಿ ಎಲ್ಲಿ, ವಿಮಾನ ನಿಲ್ಲಿಸುವುದು ಎಲ್ಲಿ. ಮುಂಚೆ ಫೋನ್ ಮಾಡಿ ಅನುಮತಿ ಕೇಳಬೇಕೇ, ಇಳಿಯುವ ಶುಲ್ಕ ಎಷ್ಟು, ಊಟ ಸಿಗುತ್ತದೆಯೇ, ಟ್ಯಾಕ್ಸಿ ಬರುತ್ತದೆಯೇ ಎಂಬುದೆಲ್ಲ ಅಲ್ಲಿದೆ. ಇಂತಿಂಥ ಹಳ್ಳಿಯ ಮೇಲೆ ಹಾರಿ ಜನರ ನೆಮ್ಮದಿ ಕೆಡಿಸಬೇಡಿ ಎಂಬ ಮಾತೂ ಇದೆ. ಇದು ಅತಿಥಿಗೆ ಬರೆದ ಪುಸ್ತಕ. ರೈತರ ಹೊಲದ ಪಟ್ಟಿಗಳಿಗಾಗಿಯೇ ಅಲ್ಲಿ ಲಾಕ್‌ಯರ್ ಎಂಬ ಬೇರೊಂದು ಕೈಪಿಡಿಯೂ ಇದೆಯಂತೆ. ನಮ್ಮ ಎ.ಐ.ಪಿ.ಯಲ್ಲೂ ಪ್ರಯಾಣಿಕರ ಸೌಕರ್ಯ ಎಂಬ ಐದನೆಯ ತಲೆಬರಹದಡಿ ಹೋಟೆಲು, ವಾಹನ, ವೈದ್ಯರ ವಿಷಯ ಬರುತ್ತದೆ. ಆದರೆ ಆ ಕಲಮಿಗೆ ಉತ್ತರ ಸಾಮಾನ್ಯವಾಗಿ ಒಂದೆರಡು ಪದದ್ದು.

ಅಮೆರಿಕನ್ನರದು ಇನ್ನೊಂದು ದಾರಿ. ಅಲ್ಲಿ ಸರ್ಕಾರವೇ ಚಾರ್ಟ್ ಸಪ್ಲಿಮೆಂಟ್ ಎಂಬ ಕೈಪಿಡಿಯನ್ನು 56 ದಿನಕ್ಕೊಮ್ಮೆ ಹೊರತರುತ್ತದೆ. ಸಾರ್ವಜನಿಕರು ಬಳಸುವ ಹುಲ್ಲಿನ ಪಟ್ಟಿಗೂ ಅದರಲ್ಲಿ ಜಾಗವುಂಟು. ಅಕ್ಷರ ಸಣ್ಣದು, ಪದಗಳೆಲ್ಲ ಮೊಟಕು, ಓದಲು ಕಷ್ಟ. ಆದರೆ 'ಸುತ್ತಮುತ್ತ ಜಿಂಕೆಗಳ ಓಡಾಟವಿದೆ' ಎಂಬಂಥ ಸಾಲುಗಳು ಅದರಲ್ಲಿ ಮತ್ತೆ ಮತ್ತೆ ಬರುತ್ತವೆ. ಅವರಲ್ಲೇ ಜಾನ್ ಪರ್ನರ್ ಎಂಬವರು 'ನೂರು ಡಾಲರ್ ಹ್ಯಾಂಬರ್ಗರ್' ಎಂದು ರನ್‌ವೇ ಪಕ್ಕದ ಊಟದ ಜಾಗಗಳಿಗೆಂದೇ ಒಂದು ಪುಸ್ತಕ ಬರೆದಿದ್ದಾರೆ.

ಇವುಗಳಲ್ಲಿ ಯಾವುದು ಮೇಲು? ಜೆಪ್ಪೆಸನ್ ನಕ್ಷೆಗಳು ಅಂದವಾಗಿವೆ, ಆದರೆ ಅವು ಮೋಡದೊಳಗೆ ಉಪಕರಣ ನೋಡಿ ಇಳಿಯುವ ದೊಡ್ಡ ವಿಮಾನಗಳಿಗೆ ಹೇಳಿ ಮಾಡಿಸಿದವು. ಕಿಟಕಿಯಿಂದ ನೆಲ ನೋಡಿಕೊಂಡು ಹೋಗುವವರಿಗೆ ಅಷ್ಟು ಬೇಡ, ಬೆಲೆಯೂ ಹೆಚ್ಚು. ಮರ್ಯಾದೆಯಲ್ಲಿ, ಅಕ್ಕರೆಯಲ್ಲಿ ಪೂಲಿಯವರ ಪುಸ್ತಕ ಮೇಲು. ನಮ್ಮ ದೇಶಕ್ಕೆ ಒಂದನ್ನು ಆರಿಸು ಎಂದರೆ ನಾನು ಅಮೆರಿಕದ ಮಾದರಿಯನ್ನೇ ಆರಿಸುತ್ತೇನೆ. ಸಣ್ಣ ಪಟ್ಟಿಯನ್ನೂ ದೊಡ್ಡ ನಿಲ್ದಾಣವನ್ನೂ ಒಂದೇ ಸಾಲಿನಲ್ಲಿ ಕೂರಿಸಿ, ಸರ್ಕಾರದ ಜವಾಬ್ದಾರಿಯಲ್ಲಿ, ಯಾರಿಗಾದರೂ ಸಿಗುವಂತೆ ಇಡುವ ಆ ಕ್ರಮ ನಮಗೆ ಬೇಕು. ಕರ್ನಾಟಕವನ್ನೇ ನೋಡಿ. ಜಕ್ಕೂರು ರಾಜ್ಯ ಸರ್ಕಾರದ್ದು. ಯಲಹಂಕ, ಬೀದರ್ ವಾಯುಪಡೆಯವು. ಬೆಂಗಳೂರಿನ ಹಳೆಯ ನಿಲ್ದಾಣ ಎಚ್‌ಎಎಲ್‌ನದು. ತೋರಣಗಲ್ಲಿನದು ಉಕ್ಕಿನ ಕಾರ್ಖಾನೆಯವರದು. ಮೈಸೂರು, ಹುಬ್ಬಳ್ಳಿ, ಬೆಳಗಾವಿ ಏರ್‌ಪೋರ್ಟ್ಸ್ ಅಥಾರಿಟಿಯವು. ಒಂದೊಂದಕ್ಕೂ ಬೇರೆ ಯಜಮಾನರು, ಬೇರೆ ಫೋನು, ಬೇರೆ ಅನುಮತಿ. ಒಬ್ಬರ ಹತ್ತಿರ ಇರುವ ಮಾಹಿತಿ ಇನ್ನೊಬ್ಬರ ಪುಸ್ತಕ ಸೇರುವುದಿಲ್ಲ.

ಪುಸ್ತಕಕ್ಕೆ ವಯಸ್ಸಾಗುವ ವಿಷಯ ಹೇಳಲೇಬೇಕು. ನಾನು ಕಲಿತ ಜಕ್ಕೂರಿನ ಪಕ್ಕದಲ್ಲೇ ದೇವನಹಳ್ಳಿಯ ನಿಲ್ದಾಣಕ್ಕೆ ಹೋಗುವ ಎತ್ತರದ ಹೆದ್ದಾರಿ ಎದ್ದಿತು. ರನ್‌ವೇ ಇದ್ದಲ್ಲೇ ಇದ್ದರೂ ಬಳಸಲು ಸಿಗುವ ಉದ್ದ ಕಡಿಮೆಯಾಯಿತು. ಹಳೆಯ ಪುಸ್ತಕದ ಅಂಕಿ ನಂಬಿ ಇಳಿದವರ ಗತಿ ಏನು? ಹುಬ್ಬಳ್ಳಿ, ಬೆಳಗಾವಿಗಳ ಸಂಕೇತ ಮುಂಚೆ ಮುಂಬಯಿ ವಲಯದ ವಿ-ಎ ಅಕ್ಷರಗಳಿಂದ ಶುರುವಾಗುತ್ತಿತ್ತು, ಈಗ ವಿ-ಓ. ಕಲಬುರಗಿ ತೆರೆದದ್ದು 2019ರ ನವೆಂಬರ್‌ನಲ್ಲಿ, ಶಿವಮೊಗ್ಗದ ಸೋಗಾನೆ ಉದ್ಘಾಟನೆಯಾದದ್ದು 2023ರ ಫೆಬ್ರವರಿಯಲ್ಲಿ. ನನ್ನ ಕಪಾಟಿನ ಪುಸ್ತಕಗಳಲ್ಲಿ ಇವೆರಡೂ ಬರಿಯ ಹೊಲ.

ನನಗೇ ಒಮ್ಮೆ ಇದರ ಪಾಠವಾಯಿತು. ಕಲಿಯುವ ಕಾಲ. ನಮ್ಮ ಇನ್‌ಸ್ಟ್ರಕ್ಟರ್ ಪಕ್ಕದಲ್ಲಿದ್ದರು. ಒಂದು ಹಳೆಯ ಪಟ್ಟಿಯಲ್ಲಿ 'ಬಳಕೆಗೆ ಯೋಗ್ಯ' ಎಂದು ನಮೂದಾಗಿದ್ದ ಒಂದು ಏರ್‌ಸ್ಟ್ರಿಪ್‌ಗೆ ಹೋಗಿಬರುವುದೆಂದು ಹೊರಟೆವು. ಒಂದು ಗಂಟೆಯ ದಾರಿ. ಕೆರೆ, ರೈಲು ಹಳಿ, ಗುಡ್ಡ ಎಲ್ಲ ನಕ್ಷೆಯಂತೆಯೇ ಬಂದವು. ಏರ್‌ಸ್ಟ್ರಿಪ್ ಕೂಡ ಕಂಡಿತು. ತುಸು ಕೆಳಗೆ ಹಾರಿ ಮೇಲಿಂದಲೇ ಒಂದು ಸಲ ನೋಡಿದರೆ ಉದ್ದಕ್ಕೂ ಕಡಲೆಕಾಯಿ ಹರವಿದ್ದಾರೆ! ಹೆಂಗಸರು, ಮಕ್ಕಳು ಕಾಲಿನಿಂದ ತಿರುವುತ್ತಿದ್ದವರು ತಲೆಯೆತ್ತಿ ನೋಡಿದರು. ಒಬ್ಬ ಹುಡುಗ ಟವೆಲ್ ಬೀಸಿದ. ಆ ಊರಿನವರ ತಪ್ಪೇನೂ ಇಲ್ಲ. ವರ್ಷಗಳಿಂದ ಯಾರೂ ಇಳಿಯದ ನೆಲ, ಒಳ್ಳೆಯ ಬಿಸಿಲು. ಇನ್‌ಸ್ಟ್ರಕ್ಟರ್ ಏನೂ ಮಾತಾಡದೆ ಥ್ರಾಟಲ್ ಮುಂದೆ ತಳ್ಳಿ ಜಕ್ಕೂರಿನ ಕಡೆಗೆ ತಿರುಗಿಸಿದರು. ಹಿಂದಿರುಗಲು ಬೇಕಾದಷ್ಟು ಎಣ್ಣೆಯನ್ನು ಅವರು ಮುಂಚೆಯೇ ಹಾಕಿಸಿದ್ದರಿಂದ ನಾನು ಇವತ್ತು ಇಲ್ಲಿ ಕೂತು ಮಾತಾಡುತ್ತಿದ್ದೇನೆ.

ಎಣ್ಣೆ ಎಂದೆನಲ್ಲ, ನಮ್ಮ ದೇಶದ ಕೈಪಿಡಿಯಲ್ಲಿ ಮೊದಲ ಸಾಲು ಅದರದ್ದೇ ಆಗಬೇಕು. ನಿಲ್ದಾಣದಲ್ಲಿ ಇಂಧನ ಸಿಗುತ್ತದೆ ಎಂದು ಬರೆದಿದ್ದರೆ ಅದು ಬಹುಪಾಲು ಜೆಟ್ ಎಂಜಿನ್ನಿನ ಸೀಮೆಎಣ್ಣೆ ಜಾತಿಯ ಇಂಧನ. ಸಣ್ಣ ವಿಮಾನದ ಸಾಮಾನ್ಯ ಪಿಸ್ಟನ್ ಎಂಜಿನ್ನಿಗೆ ಅದನ್ನು ಹಾಕಿದರೆ ಕೆಟ್ಟಿತು. ಅದಕ್ಕೆ ಬೇಕಾದ್ದು ನೀಲಿ ಬಣ್ಣದ ಆವ್‌ಗ್ಯಾಸ್. ಬಹುಕಾಲ ಪೂರ್ತಿ ಹೊರದೇಶದಿಂದಲೇ ಬರುತ್ತಿದ್ದ ಇದನ್ನು ಇಂಡಿಯನ್ ಆಯಿಲ್ ತನ್ನ ಗುಜರಾತ್ ಸಂಸ್ಕರಣಾಗಾರದಲ್ಲಿ ತಯಾರಿಸಿ 2022ರಲ್ಲಿ ಬಿಡುಗಡೆ ಮಾಡಿತು. ಯಾವ ಊರಿನಲ್ಲಿ ಇದರ ಪೀಪಾಯಿ ಇದೆ, ಯಾರನ್ನು ಕೇಳಿದರೆ ಕೊಡುತ್ತಾರೆ ಎಂಬುದು ಗೊತ್ತಿಲ್ಲದೆ ನಮ್ಮಲ್ಲಿ ಪ್ರವಾಸವೇ ಇಲ್ಲ. ಎರಡನೆಯ ಸಾಲು ಕಾಗದಪತ್ರದ್ದು: ಫ್ಲೈಟ್ ಪ್ಲಾನ್ ಕೊಟ್ಟು, ವಾಯು ರಕ್ಷಣೆಯವರ ಎ.ಡಿ.ಸಿ. ಸಂಖ್ಯೆ, ಮಾಹಿತಿ ಕೇಂದ್ರದ ಎಫ್.ಐ.ಸಿ. ಸಂಖ್ಯೆ ಪಡೆಯಬೇಕು. ಕಣ್ಣಂದಾಜಿನಲ್ಲಿ ಹಾರುವವರು ಕತ್ತಲಾಗುವ ಮುಂಚೆ ನೆಲ ಮುಟ್ಟಿರಬೇಕು.

ಸೊಸೆಯ ಲೈಸೆನ್ಸ್ ಇಲ್ಲಿ ನಡೆಯಬೇಕಾದರೆ ಮೊದಲು ಇಲ್ಲಿಯ ಮಾನ್ಯತೆ ಪಡೆಯಬೇಕು. ಹಾಗಾಗಿ ಈ ಸಲ ಕಾಗದದ ಮೇಲೆಯೇ ಹಾರಿದೆವು, ಮಂಡಕಳ್ಳಿಯಿಂದ ಮಂಗಳೂರಿನ ಬಜಪೆಗೆ. ನೇರ ಗೆರೆ ಎಳೆದರೆ ಸುಮಾರು 200 ಕಿಲೋಮೀಟರ್. ಹುಣಸೂರು ದಾಟಿ, ಕೊಡಗಿನ ಬೆಟ್ಟಸಾಲು ಹತ್ತಿ, ಆಚೆ ಒಮ್ಮೆಲೇ ಕರಾವಳಿಗೆ ಇಳಿಯುವ ದಾರಿ. ಗೆರೆಯ ಬಡಗಣಕ್ಕೆ ಪುಷ್ಪಗಿರಿ, 1,712 ಮೀಟರ್. ತೆಂಕಣಕ್ಕೆ ತಡಿಯಂಡಮೋಳ್, 1,748 ಮೀಟರ್. ಬಜಪೆ ಗುಡ್ಡ ಕಡಿದು ಮಾಡಿದ ಮೇಜಿನಂಥ ನಿಲ್ದಾಣ, ಅಂಚಿನಾಚೆ ಕಮರಿ. 2010ರ ಮೇ 22ರ ದುರಂತದಲ್ಲಿ 158 ಜನ ಹೋದದ್ದನ್ನು ನಾವ್ಯಾರೂ ಮರೆತಿಲ್ಲ. "ಜುಲೈನಲ್ಲಿ ಈ ದಾರಿ ಹೇಗಿರುತ್ತೆ ಮಾಮ?" ಎಂದಳು. "ಜುಲೈನಲ್ಲಿ ದಾರಿಯೇ ಇರಲ್ಲ ಪುಟ್ಟಿ, ಮೋಡ ಬೆಟ್ಟದ ಮೇಲೇ ಕೂತಿರುತ್ತೆ. ಆಗ ಬಸ್ಸು ಹತ್ತಬೇಕು," ಎಂದೆ. ಅದನ್ನು ಹಾಗೆಯೇ ಬರೆದುಕೊಂಡಳು.

ಎರಡನೆಯ ದಿನ ಸಂಜೆ ನಾವು ಒಂದು ನೂರು ಪುಟದ ಶಾಲಾ ನೋಟ್‌ಬುಕ್ ತಂದು ಮೊದಲ ಹಾಳೆಯಲ್ಲಿ ಮಂಡಕಳ್ಳಿಯನ್ನು ಕನ್ನಡದಲ್ಲಿ ಬರೆದೆವು. ಅಂಕಿಅಂಶಗಳೆಲ್ಲ ಅಧಿಕೃತ ಗ್ರಂಥದಿಂದ. ಉಳಿದದ್ದು ಊರಿನವರ ಮಾತು. ಉತ್ತರದಿಂದ ಬರುವವರಿಗೆ ಮೊದಲ ಗುರುತು ಕಾವೇರಿ ಎರಡಾಗಿ ಒಡೆದು ಮತ್ತೆ ಕೂಡುವ ಶ್ರೀರಂಗಪಟ್ಟಣ, ಬಲಗಡೆ ಕನ್ನಂಬಾಡಿಯ ನೀರು. ಬೆಟ್ಟವನ್ನು ಎಡಗೈಗೆ ಬಿಟ್ಟುಕೊಂಡು ಬನ್ನಿ. ನಂಜನಗೂಡಿನ ಕಪಿಲೆ ಕಂಡರೆ ನಿಲ್ದಾಣ ದಾಟಿ ಮುಂದೆ ಹೋದಿರಿ ಎಂದರ್ಥ. ಬಿಸಿಲೇರಿದ ಮೇಲೆ ಹದ್ದುಗಳು ಸುತ್ತುತ್ತವೆ. ಚಳಿಗಾಲದಲ್ಲಿ ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆಗೆ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬೆಳಿಗ್ಗೆ ಸಂಜೆ ಹಿಂಡುಹಿಂಡಾಗಿ ಮೇವಿಗೆ ಹಾರುತ್ತವೆ, ಆ ಕಡೆ ಕೆಳಗೆ ಹಾರಬೇಡಿ. ಏಪ್ರಿಲ್ ಮಧ್ಯಾಹ್ನ ಹೊರಡಬೇಡಿ, ಬೆಳಿಗ್ಗೆ ಏಳಕ್ಕೆ ಹೊರಡಿ. ನಗರ ಹತ್ತು ಕಿಲೋಮೀಟರ್.

ಕೆಳಗೆ ದಿನಾಂಕ ಹಾಕಿ ಇಬ್ಬರೂ ಸಹಿ ಮಾಡಿದೆವು. ಅವಳು ಪುಟದ ಫೋಟೋ ತೆಗೆದುಕೊಂಡು ನೋಟ್‌ಬುಕ್ ನನ್ನ ಬಳಿಯೇ ಬಿಟ್ಟುಹೋದಳು. ಅಂಚಿನಲ್ಲಿ ಅವಳ ಕೈಬರಹದಲ್ಲಿ ಒಂದು ಸಾಲಿದೆ: 'ಮತ್ತೆ ನೋಡಬೇಕಾದ್ದು, ಜೂನ್‌ನಲ್ಲಿ, ಗಾಳಿ ಪಡುವಣಕ್ಕೆ ತಿರುಗಿದ ಮೇಲೆ.' ಎರಡನೆಯ ಹಾಳೆಯ ಮೇಲೆ ಜಕ್ಕೂರು ಎಂದು ತಲೆಬರಹ ಬರೆದಿಟ್ಟಿದ್ದೇನೆ. ಮುಂದಿನ ವಾರ ಬೆಂಗಳೂರಿಗೆ ಹೋಗುವುದಿದೆ.